ಎಡತೋಳಿನ ಬಣ್ಣ

ಫೆಬ್ರವರಿ ೬

ಮೂಳೆಯ ಮಜ್ಜೆ ಕೊಟ್ಟ ಅಕ್ಕನಿಗೆ,

ಕಾಗದ ನೋಡಿ ಗಾಬರಿಯಾಗಬೇಡ. ಬಾಯಿ ತುಂಬ ಹುಣ್ಣು. ಫೋನಿನಲ್ಲಿ ನಾಲ್ಕು ಮಾತಾಡಿದರೆ ನಾಲಿಗೆ ಉರಿಯುತ್ತದೆ. ಕಣ್ಣಿನ ಪಸೆ ಆರಿಹೋಗಿದೆ, ಫೋನಿನ ಬೆಳಕು ಮರಳು ಎರಚಿದ ಹಾಗೆ ಚುಚ್ಚುತ್ತದೆ. ಕಾಗದವಾದರೆ ಪರದೆ ಎಳೆದುಕೊಂಡು ನಿಧಾನವಾಗಿ ಬರೆಯಬಹುದು. ಬೋರ್ಡು ಬರೆದು ಬದುಕಿದವನಿಗೆ ಅಕ್ಷರ ಬೇಸರವೇ?

ಮನೆಯಲ್ಲಿ ಆರಾಮಾಗಿದ್ದೇನೆ. ಏಣಿ ಹತ್ತುವಂತಿಲ್ಲ, ಬಿಸಿಲಿಗೆ ಹೋಗುವಂತಿಲ್ಲ, ಥಿನ್ನರ್ ವಾಸನೆ ಹತ್ತಿರ ಸುಳಿಯುವಂತಿಲ್ಲ. ಹೆಂಡತಿ ಮಕ್ಕಳಾಟದ ವಾಟರ್ ಕಲರ್ ಡಬ್ಬಿ ತಂದುಕೊಟ್ಟಿದ್ದಾಳೆ. ಅಂಗಡಿ ಮುಂಗಟ್ಟುಗಳ ಮೇಲೆ ಆಳೆತ್ತರದ ಅಕ್ಷರ ಬರೆಯುತ್ತಿದ್ದವನು ಈಗ ಊಟದ ಮೇಜಿನ ಮೇಲೆ ಕಾರ್ಡಿಗೆ ಬಣ್ಣ ಹಚ್ಚುತ್ತಿದ್ದೇನೆ.

ಒಂದು ಸುದ್ದಿ. ಎಡತೋಳಿನ ಒಳಭಾಗದಲ್ಲಿ ತಿಳಿಗುಲಾಬಿ ಬಣ್ಣ ಎದ್ದಿದೆ. ಡಾಕ್ಟರಮ್ಮ ನೋಡಿ, "ನಿಮ್ಮ ಅಕ್ಕನ ಕಣಗಳು ಕೆಲಸ ಶುರು ಮಾಡಿವೆ. ಹಳೇ ಬ್ಲಡ್ ಕ್ಯಾನ್ಸರ್ ಎಲ್ಲಿ ಬಚ್ಚಿಟ್ಕೊಂಡಿದ್ರೂ ಹುಡುಕಿ ಹೊಡೀತವೆ. ಆದ್ರೆ ನಿಮ್ಮ ಚರ್ಮ, ಕರುಳು, ಲಿವರ್ ಕೂಡ ಅವಕ್ಕೆ ಗುರುತಿಲ್ಲದ ಮನೇನೇ. ಅದಕ್ಕೇ ಗುಳಿಗೆ ಕೊಟ್ಟು ಲಗಾಮು ಹಾಕಿರೋದು" ಅಂದರು. ಈಗ ಆ ಗುಳಿಗೆಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಿದ್ದಾರೆ. ಲಗಾಮು ಬಿಗಿಯಾದರೆ ಕಾಯಿಲೆ ತಲೆ ಎತ್ತಬಹುದು, ತೀರಾ ಸಡಿಲವಾದರೆ ನಿನ್ನ ಕಣಗಳು ನನ್ನನ್ನೇ ಮೇಯುತ್ತವೆ. ಚಿಕ್ಕಂದಿನಲ್ಲಿ ಹೊರಗಿನಿಂದ ಕಿವಿ ಹಿಂಡುತ್ತಿದ್ದೆ, ಈಗ ಒಳಗೇ ಸೇರಿಕೊಂಡು ಹಿಂಡುತ್ತಿದ್ದೀಯ.

ನನಗಂತೂ ಈ ಗುಲಾಬಿ ಕಂಡರೆ ಖುಷಿ. ವಾರ್ಡಿನಲ್ಲಿ ಕಿಟಕಿ ಪಕ್ಕದ ಹಾಸಿಗೆಯಲ್ಲಿದ್ದ, ತಮ್ಮನಿಂದ ಮಜ್ಜೆ ಪಡೆದ ಮೇಷ್ಟ್ರು ನೆನಪಿದ್ದಾರಾ? ನುಣ್ಣನೆಯ ಮೈ, ಹುಡುಕಿದರೂ ಒಂದು ಗುಳ್ಳೆ ಇರಲಿಲ್ಲ. "ನನ್ನ ತಮ್ಮ ಪಾಪದೋನು, ಅವನ ರಕ್ತಾನೂ ಪಾಪದ್ದೇ, ಜಗಳಕ್ಕೆ ಬರಲ್ಲ" ಅಂತ ನಗುತ್ತಿದ್ದರು. ಅವರಿಗೆ ಕಾಯಿಲೆ ಮರಳಿತು. ಹೋದ ವಾರ ತೀರಿಕೊಂಡರಂತೆ. ಹಾಗಾಗಿ ನೀನು ಜಗಳಗಂಟಿ ಆಗಿರುವುದೇ ಒಳ್ಳೆಯದು.

ತೋಳಿನ ಬಣ್ಣಕ್ಕೆ ಸರಿಯಾಗಿ ಬಣ್ಣ ಕಲಸಿ ಒಂದು ಉದ್ದನೆಯ ಕಾರ್ಡಿಗೆ ಹಚ್ಚಿ, ತೋಳಿನ ಪಕ್ಕ ಹಿಡಿದು ತಾಳೆ ನೋಡಿದೆ. ಅದರದೊಂದು ತುಂಡು ಕಳಿಸಿದ್ದೇನೆ. ಗಿರಾಕಿಗೆ ಮೊದಲು ಮಾದರಿ ತೋರಿಸುತ್ತೇವಲ್ಲ, ಹಾಗೆ. ಆಗಾಗ ಕಳಿಸುತ್ತಿರುತ್ತೇನೆ. ನಿನ್ನ ಕಣಗಳು ದುಡಿಯುತ್ತಿವೆಯೋ ಮೈಗಳ್ಳತನ ಮಾಡುತ್ತಿವೆಯೋ ನೀನೇ ನೋಡು.

ನಿನ್ನ ತಮ್ಮ ಡಬ್ಬಿ

•

ಫೆಬ್ರವರಿ ೧೫

ಬಣ್ಣದ ಡಬ್ಬಿಗೆ,

ಕಾರ್ಡು ತಲುಪಿತು. ಕತ್ತರಿಸುವ ಮೇಜಿನ ಗಾಜಿನ ಕೆಳಗೆ ಇಟ್ಟಿದ್ದೇನೆ. ಬಟ್ಟೆ ಅಳೆಯುವಾಗೆಲ್ಲ ನಿನ್ನ ತೋಳು ಕಣ್ಣಿಗೆ ಬೀಳುತ್ತದೆ. ಒಬ್ಬ ಗಿರಾಕಿ ಅದನ್ನು ನೋಡಿ, "ಈ ಬಣ್ಣದ ಬಟ್ಟೆ ಇದ್ರೆ ನಮ್ಮ ಹುಡುಗೀಗೆ ಒಂದು ಫ್ರಾಕ್ ಹೊಲೀರಿ" ಅಂದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆರಾಮಾಗಿದ್ದೇನೆ ಅಂತ ಬರೆದಿದ್ದೀಯಲ್ಲ, ಆ ಮಾತು ಓದಿದ ಕೂಡಲೇ ನನಗೆ ಅನುಮಾನ ಶುರುವಾಯಿತು. ಕಾಯಿಲೆಯ ಮೊದಲಲ್ಲಿ ವಸಡಿನಿಂದ ರಕ್ತ ಬರುತ್ತಿದ್ದರೂ "ಬ್ರಷ್ ಗಟ್ಟಿ ಇದೆ" ಅಂದವನು ನೀನು. ಮೈಮೇಲೆ ನೀಲಿ ಕಲೆ ಎದ್ದರೆ ಏಣಿ ತಗುಲಿತು ಅಂದೆ. ಆದ್ದರಿಂದ ನೇರವಾಗಿ ಕೇಳುತ್ತೇನೆ, ನೇರವಾಗಿ ಉತ್ತರ ಕೊಡು. ಊಟ ಸೇರುತ್ತಿದೆಯಾ? ಹೊಟ್ಟೆ ಸರಿ ಇದೆಯಾ? ಗುಳಿಗೆಯನ್ನು ಡಾಕ್ಟರಮ್ಮ ಹೇಳಿದಷ್ಟೇ ತೆಗೆದುಕೊಳ್ಳುತ್ತಿದ್ದೀಯಾ, ಇಲ್ಲ ನಿನ್ನದೇ ಬುದ್ಧಿ ಓಡಿಸುತ್ತಿದ್ದೀಯಾ?

ನಿನಗೊಂದು ತುಂಬುತೋಳಿನ ಅಂಗಿ ಹೊಲಿಯಬೇಕು ಅಂತಿದ್ದೇನೆ. ಮೆತ್ತನೆಯ ಹತ್ತಿ ಬಟ್ಟೆ, ನೀಲಿ ಗೆರೆ. ಒಳಹೊಲಿಗೆ ಚರ್ಮಕ್ಕೆ ಒತ್ತದ ಹಾಗೆ ಮಡಚಿ ಹೊಲಿಯುತ್ತೇನೆ. ಜೇಬಿನ ಗೆರೆ ಅಂಗಿಯ ಗೆರೆಗೆ ಕೂಡಿಕೊಳ್ಳಬೇಕು, ಜೇಬು ಇದೆಯೆಂದೇ ಗೊತ್ತಾಗಬಾರದು. ಅದು ತಪ್ಪಿದರೆ ನನಗೆ ಅನ್ನ ಇಳಿಯುವುದಿಲ್ಲ ಅಂತ ನಿನಗೇ ಗೊತ್ತಲ್ಲ. ಎದೆಯ ಅಳತೆ ಕಳಿಸು. ಹಳೆಯ ಅಳತೆ ಬೇಡ, ಈಗಿನದು.

ಅಕ್ಕ

•

ಮಾರ್ಚ್ ೧

ಅಕ್ಕಾ,

ಪೊಲೀಸರ ಹಾಗೆ ಪ್ರಶ್ನೆ ಕೇಳುತ್ತೀಯಲ್ಲ! ಊಟ ಸೇರುತ್ತಿದೆ. ಹೊಟ್ಟೆ ಸರಿ ಇದೆ. ಗುಳಿಗೆ ಲೆಕ್ಕದ ಪ್ರಕಾರ. ಈ ಸಲದ ಕಾರ್ಡೂ ಅದೇ ಗುಲಾಬಿ, ನೋಡಿಕೋ.

ಈಗ ನನ್ನ ಸರದಿ. ಮೊನ್ನೆ ತಪಾಸಣೆಗೆ ಹೋದಾಗ ರಕ್ತ ಒಂದು ಸೀಸೆ ಜಾಸ್ತಿ ತೆಗೆದರು. ಯಾಕೆ ಅಂದರೆ "ಒಂದು ಟೆಸ್ಟ್ ಇದೆ, ಅಷ್ಟೇ" ಅಂದಳು ನರ್ಸು. ಡಾಕ್ಟರಮ್ಮ ನನ್ನನ್ನು ನೋಡಿದ ಮೇಲೆ ನನ್ನ ಹೆಂಡತಿಯನ್ನು ಮಾತ್ರ ಒಳಗೆ ಕರೆದರು. ಅವಳು ಹೊರಗೆ ಬಂದಾಗ ಮುಖದಲ್ಲಿ ನಗು ಅಂಟಿಸಿಕೊಂಡಿದ್ದಳು. "ಏನಂದ್ರು?" ಅಂದೆ. "ಹಣ್ಣು ತೊಳೆದು ಸಿಪ್ಪೆ ತೆಗೆದು ಕೊಡಿ ಅಂದ್ರು" ಅಂದಳು. ಅಷ್ಟು ಹೇಳುವುದಕ್ಕೆ ಬಾಗಿಲು ಹಾಕಿಕೊಳ್ಳಬೇಕಾ?

ಸಂಜೆ ಅವಳು ಬಾಲ್ಕನಿಗೆ ಹೋಗಿ ಯಾರೊಂದಿಗೋ ಪಿಸುಪಿಸು ಮಾತಾಡುತ್ತಿದ್ದಳು. ನಿನ್ನ ಜೊತೆಗಾ? ಆಸ್ಪತ್ರೆಯವರು ನಿನಗೆ ಫೋನ್ ಮಾಡಿದ್ದರಾ? ನನ್ನ ಕಿವಿಗೆ ಹೂವಿಡಬೇಡ.

ಎದೆಯ ಅಳತೆ ಹಳೆಯದೇ ಇರಲಿ. ಮೈ ತುಂಬಿಕೊಳ್ಳುತ್ತದೆ.

ಡಬ್ಬಿ

•

ಮಾರ್ಚ್ ೧೨

ಡಬ್ಬಿ,

ಯಾರೂ ಫೋನ್ ಮಾಡಿಲ್ಲ. ನಿನ್ನ ಹೆಂಡತಿ ಬಾಲ್ಕನಿಯಲ್ಲಿ ತನ್ನ ತಾಯಿಯೊಂದಿಗೆ ಮಾತಾಡಿರಬೇಕು. ಅವಳನ್ನು ಅನುಮಾನದ ಕಣ್ಣಿನಿಂದ ನೋಡಬೇಡ. ಹಗಲೂ ರಾತ್ರಿ ನಿನ್ನ ಪಾತ್ರೆ ಕುದಿಸಿ, ಬಾಗಿಲ ಹಿಡಿ ಒರೆಸಿ, ಸೋತುಹೋಗಿದ್ದಾಳೆ.

ಅಕ್ಷರ ಸೊಟ್ಟಗಿದೆ, ಕ್ಷಮಿಸು. ಬಲಗೈಗೆ ಮಿಷಿನ್ನಿನ ಸೂಜಿ ಚುಚ್ಚಿಕೊಂಡೆ. ಒಂದು ದಿನ ಅಂಗಡಿ ಮುಚ್ಚಿದ್ದೆ, ಅಡಿಗೆ ನಿನ್ನ ಭಾವನೇ ಮಾಡಿದರು. ಉಪ್ಪು ಎರಡು ಸಲ ಹಾಕಿದರು. ಹೊಗಳುತ್ತಾ ಉಂಡೆ.

ಹಳೆಯ ಅಳತೆಯೇ ಇರಲಿ ಅಂದರೆ ಏನರ್ಥ? ಟೇಪು ಹಿಡಿಯುವುದಕ್ಕೆ ಎಷ್ಟು ಹೊತ್ತು ಬೇಕು?

ಅಕ್ಕ

•

ಮಾರ್ಚ್ ೨೪

ಅಕ್ಕಾ,

ನಡುವೆ ಬರೀ ಕಾರ್ಡೊಂದನ್ನು ಕಳಿಸಿದ್ದೆ, ಸಿಕ್ಕಿರಬೇಕು. ಇದರ ಜೊತೆ ಇನ್ನೊಂದಿದೆ. ಎಲ್ಲ ಅದೇ ಗುಲಾಬಿ. ನನ್ನ ಕಡೆಯಿಂದ ಎಲ್ಲ ಸರಿಯಾಗಿದೆ. ಸರಿಯಿಲ್ಲದೆ ಇರುವುದು ನಿನ್ನ ಕಡೆ.

ನೀನು ಹೊಲಿಗೆ ಮಿಷಿನ್ನಿನ ಮುಂದೆ ಕೂತಾಗ ನಾನಿನ್ನೂ ಚಡ್ಡಿ ಹಾಕುತ್ತಿದ್ದೆ. ಅಂದಿನಿಂದ ಇಂದಿನವರೆಗೆ ನಿನ್ನ ಕೈಗೆ ಸೂಜಿ ಚುಚ್ಚಿದ್ದನ್ನು ನಾನು ನೋಡಿಲ್ಲ. ಚುಚ್ಚಿದರೂ ಎಡಗೈ ಬೆರಳಿಗೆ ಚುಚ್ಚಬೇಕು, ಬಟ್ಟೆ ತಳ್ಳುವ ಕೈ ಅದು. ಬಲಗೈಗೆ ಹೇಗೆ ಚುಚ್ಚಿತು? ಬೆರಳಿಗೆ ಚುಚ್ಚಿದರೆ ಅನ್ನ ಬೇಯಿಸಲಾರದಷ್ಟು ಆಗುತ್ತದಾ? ನನಗೆ ಸೂಜಿಗಳ ಬಗ್ಗೆ ಪಾಠ ಹೇಳಬೇಡ. ನನ್ನ ತೋಳಿನ ನರಗಳನ್ನು ಹುಡುಕಿ ಹುಡುಕಿ ಸೋತವರ ಪಟ್ಟಿಯೇ ಇದೆ. ಎಲ್ಲಿ ಚುಚ್ಚಿದರೆ ಅಕ್ಷರ ಸೊಟ್ಟಗಾಗುತ್ತದೆ ಅಂತ ನನಗೆ ಗೊತ್ತು.

ನನಗೆ ಎರಡು ಯೋಚನೆ ಬರುತ್ತಿದೆ. ಒಂದು, ನಿನಗೂ ಏನೋ ಆಗಿದೆ, ನನ್ನಿಂದ ಮುಚ್ಚಿಡುತ್ತಿದ್ದೀರಿ. ಇನ್ನೊಂದು, ನನ್ನ ಕಾಯಿಲೆ ಮರಳಿದೆ, ನಿನ್ನನ್ನು ಮತ್ತೆ ಕೇಳಿದ್ದಾರೆ, ನಿನಗೆ ಮನಸ್ಸಿಲ್ಲ. ಸೊಂಟ ಹಿಡಿದುಕೊಂಡು ನೀನು ವಾರಗಟ್ಟಲೆ ನಡೆದದ್ದನ್ನು ನಾನು ಮರೆತಿಲ್ಲ. ಕೊಡುವುದಕ್ಕೆ ಮನಸ್ಸಿಲ್ಲದಿದ್ದರೆ ಹೇಳಿಬಿಡು. ಹೆಂಡತಿಯ ಮೂಲಕ ಸುತ್ತಿ ಬಳಸಿ ಬರಬೇಡ.

ತಮ್ಮ

•

ಏಪ್ರಿಲ್ ೨ — ಕೊರಿಯರಿನಲ್ಲಿ

ಕೊಡುವುದಕ್ಕೆ ಮನಸ್ಸಿಲ್ಲವಾ? ಅದನ್ನು ಹೇಗೆ ಬರೆದೆ? ಎದುರಿಗಿದ್ದಿದ್ದರೆ ಕಿವಿ ಹಿಂಡಿಯೇ ಬಿಡುತ್ತಿದ್ದೆ, ಹೊರಗಿನಿಂದಲೇ.

ಆ ಸಿಟ್ಟಿನಲ್ಲೇ ನಿನ್ನ ಹೊಸ ಕಾರ್ಡನ್ನು ಗಾಜಿನ ಕೆಳಗೆ ತಳ್ಳಿದೆ. ಹಳೆಯದರ ಪಕ್ಕ ಹೋಗಿ ಕೂತಿತು. ಆಗ ಕಣ್ಣಿಗೆ ಬಿತ್ತು. ನಿನ್ನ ಚಪ್ಪಟೆ ಬ್ರಷ್‌ನಲ್ಲಿ ಒಂದು ಕೂದಲು ಬಿದ್ದುಹೋಗಿದೆಯಲ್ಲ, ಬಣ್ಣದ ನಡುವೆ ಕೂದಲೆಳೆಯಷ್ಟು ಬಿಳಿ ಗೆರೆ ಬಿಡುತ್ತದೆ. ಒಂದು ಕಾರ್ಡಿನಲ್ಲಿ ಆ ಗೆರೆ ಎಲ್ಲಿ ನಿಲ್ಲುತ್ತದೋ ಇನ್ನೊಂದರಲ್ಲಿ ಅಲ್ಲಿಂದಲೇ ಮುಂದುವರಿಯುತ್ತದೆ. ನಾಲ್ಕನ್ನೂ ಅಂಚಿಗೆ ಅಂಚು ಸೇರಿಸಿದೆ. ಜೇಬಿಗೆ ಗೆರೆ ಕೂಡಿಸುವವಳು ನಾನು, ನನ್ನ ಕಣ್ಣಿಗೇ ಮಣ್ಣೆರಚುತ್ತೀಯಾ? ಮೊದಲ ದಿನ ಹಚ್ಚಿದ ಉದ್ದ ಕಾರ್ಡನ್ನೇ ತುಂಡು ತುಂಡು ಮಾಡಿ ಕಳಿಸುತ್ತಿದ್ದೀಯ. ಆಮೇಲೆ ನೀನು ತೋಳಿನ ಬಣ್ಣ ಹಚ್ಚೇ ಇಲ್ಲ.

ಗುಲಾಬಿ ಹೋಗಿದೆ, ಅಲ್ಲವಾ? ಮೇಷ್ಟರ ಮೈಯ ಹಾಗೆ ನಿನ್ನ ಮೈಯೂ ಖಾಲಿಯಾಗಿದೆ. ನಾನು ಹೆದರುತ್ತೇನೆ ಅಂತ ಹಳೆಯ ಬಣ್ಣ ಕಳಿಸುತ್ತಿದ್ದೀಯ.

ಇನ್ನು ನನ್ನ ಗುಟ್ಟು. ಆಸ್ಪತ್ರೆಯಿಂದ ಫೋನ್ ಬಂದಿತ್ತು. ನಿನ್ನ ರಕ್ತದಲ್ಲಿ ನನ್ನ ಕಣಗಳ ಪಾಲು ಇಳಿಯುತ್ತಿದೆ, ನಿನ್ನ ಹಳೆಯ ಕಣಗಳು ಇಣುಕುತ್ತಿವೆ. ಕಾಯಿಲೆ ಮರಳಿದೆ ಅಂತಲ್ಲ, ಮರಳಬಹುದು ಅಂತ ಭಯ. ಈ ಸಲ ಸೊಂಟಕ್ಕೆ ಚುಚ್ಚುವುದಿಲ್ಲ. ಒಂದು ತೋಳಿನಿಂದ ರಕ್ತ ತೆಗೆದು, ಯಂತ್ರದಲ್ಲಿ ಬಿಳಿ ಕಣ ಬೇರೆ ಮಾಡಿ, ಉಳಿದದ್ದನ್ನು ಇನ್ನೊಂದು ತೋಳಿಗೆ ವಾಪಸು ಬಿಡುತ್ತಾರೆ. ಆ ಕಣಗಳನ್ನು ನಿನಗೆ ಹಾಕುತ್ತಾರೆ. ಇಲ್ಲಿನ ಆಸ್ಪತ್ರೆಯಲ್ಲೇ ನನ್ನ ರಕ್ತ, ನರ ಎಲ್ಲ ಪರೀಕ್ಷೆ ಮಾಡಿದರು, ಬಲತೋಳು ನೀಲಿಗಟ್ಟಿತು. ಸೂಜಿಯ ಕಥೆ ಅಷ್ಟೇ. ನನಗೆ ಏನೂ ಆಗಿಲ್ಲ, ಗುಂಡುಕಲ್ಲಿನ ಹಾಗಿದ್ದೇನೆ.

ಹೇಳಬೇಡಿ ಅಂದದ್ದು ನಿನ್ನ ಹೆಂಡತಿ. "ತಪಾಸಣೆಗೆ ಅಂತ ಕರ್ಕೊಂಡು ಹೋಗ್ತೀನಿ, ಅಲ್ಲೇ ಡಾಕ್ಟ್ರು ಹೇಳ್ಲಿ. ಈಗ್ಲೇ ಗೊತ್ತಾದ್ರೆ ತಿನ್ನೋ ಎರಡು ತುತ್ತೂ ಬಿಡ್ತಾರೆ ಅಕ್ಕಾ" ಅಂದಳು. ನಾನೂ ಹೂಂ ಅಂದೆ. ಡಾಕ್ಟರಮ್ಮ ಮುಂದಿನ ತಿಂಗಳು ಅಂದಿದ್ದರು. ಕಾರ್ಡು ನೋಡಿದ ಮೇಲೆ ನಾನೇ ಹಟ ಹಿಡಿದು ಸೋಮವಾರಕ್ಕೆ ಎಳೆದೆ. "ತೋಳಲ್ಲಿ ಸ್ವಲ್ಪ ಗುಲಾಬಿ ಬಿಟ್ಟರೆ ಬೇರೆ ತೊಂದರೆ ಇಲ್ಲ ಅಂತ ನಿಮ್ಮ ತಮ್ಮನೇ ಹೇಳಿದಾರೆ, ಹಾಗಿದ್ರೆ ಹಾಕಬಹುದು" ಅಂದರು.

ಒಂದು ಮಾತ್ರ ನನಗೆ ಅರ್ಥವಾಗುತ್ತಿಲ್ಲ. "ಯಾವಾಗ ನೋಡಿದ್ರೂ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಬ್ರಷ್ ತೊಳೀತಿರ್ತಾರೆ" ಅಂತಾಳೆ ನಿನ್ನವಳು. ಬಣ್ಣವನ್ನೇ ಹಚ್ಚದವನು ಯಾವ ಬ್ರಷ್ ತೊಳೆಯುತ್ತಿದ್ದೀಯ?

ಅಕ್ಕ

•

ಏಪ್ರಿಲ್ ೮ — ಆಸ್ಪತ್ರೆಯಿಂದ

ಅಕ್ಕಾ,

ಶುಕ್ರವಾರ ನಿನ್ನ ಕಾಗದ ಬಂತು. ಕೊನೆಯ ಸಾಲು ಓದಿ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದೆ. ಸ್ವಲ್ಪ ಹೊತ್ತಿಗೆ ನಾನೇ ನಿಲ್ಲಿಸಿದೆ. ಬಾಗಿಲು ತೆಗೆದು ಹೆಂಡತಿಯನ್ನು ಕರೆದೆ. ನೋಡಬೇಕಾದ್ದನ್ನು ಅವಳಿಗೆ ತೋರಿಸಿದೆ. ಅವಳು ಕೂಗಾಡಲಿಲ್ಲ. "ಎಷ್ಟು ದಿನದಿಂದ?" ಅಂದಳು. ನಾನು ಹೇಳಿದ ಮೇಲೆ ಗೋಡೆಗೆ ಒರಗಿ ಕೂತುಬಿಟ್ಟಳು.

ನೀನು ತಿರುಗಾಮುರುಗಾ ಊಹಿಸಿದ್ದೆ. ಗುಲಾಬಿ ಹೋಗಿರಲಿಲ್ಲ, ಇಟ್ಟಿಗೆ ಕೆಂಪಾಗಿತ್ತು. ಕೊನೆಯ ತಪಾಸಣೆ ಆದಮೇಲೆ ತೋಳಿಂದ ಎದೆಗೆ, ಎದೆಯಿಂದ ತೊಡೆಗೆ ಹಬ್ಬಿತು. ಆ ಬಣ್ಣ ಕಲಸಿದೆ, ಕಾರ್ಡಿಗೆ ಹಚ್ಚಿದರೆ ನೀನು ಹೆದರಿ ಓಡಿಬರುತ್ತೀಯ ಅಂತ ಹಳೆಯ ಕಾರ್ಡಿನ ತುಂಡನ್ನೇ ಕಳಿಸಿದೆ. ಹೊಟ್ಟೆ ಅದಕ್ಕೂ ಮುಂಚೆಯೇ ಕೆಟ್ಟಿತ್ತು. ತಿಂದದ್ದು ನಿಲ್ಲುತ್ತಿರಲಿಲ್ಲ, ಕರುಳು ಹಿಂಡಿದ ಹಾಗೆ ನೋವು. ಸದ್ದು ಕೇಳಿಸಬಾರದು ಅಂತ ನಲ್ಲಿ ಬಿಡುತ್ತಿದ್ದೆ. ಕೇಳಿದರೆ ಬ್ರಷ್ ತೊಳೆಯುತ್ತಿದ್ದೇನೆ ಅನ್ನುತ್ತಿದ್ದೆ. ಎದೆಯ ಅಳತೆ ಕಳಿಸದೆ ಇದ್ದದ್ದೂ ಅದಕ್ಕೇ.

ಯಾಕೆ ಅಂತ ಕೇಳುತ್ತೀಯ. ಮೇಷ್ಟ್ರು. ಡಾಕ್ಟರಿಗೆ ಹೇಳಿದರೆ ಲಗಾಮು ಬಿಗಿ ಮಾಡುತ್ತಾರೆ, ನಿನ್ನ ಕಣಗಳು ತೆಪ್ಪಗಾಗುತ್ತವೆ, ಕಾಯಿಲೆ ಒಳಗೆ ಬರುತ್ತದೆ ಅಂತ ಭಯ. ಉರಿದರೆ ಉರಿಯಲಿ, ಉರಿಯುತ್ತಿರುವವರೆಗೆ ಬದುಕಿರುತ್ತೇನೆ ಅಂದುಕೊಂಡೆ. ನೋವು ಜಾಸ್ತಿಯಾದಷ್ಟೂ ಒಳಗೊಳಗೇ ಸಮಾಧಾನ. ಹುಚ್ಚು ಅನ್ನು.

ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. "ಕೆಂಪು ಜಾಸ್ತಿ ಇದ್ರೆ ಕಾಯಿಲೆ ಬರಲ್ಲ ಅಂತ ನಿಮಗೆ ಯಾರು ಹೇಳಿದ್ರು? ಎರಡೂ ಒಟ್ಟಿಗೇ ಬರಬಹುದು. ಸೋಮವಾರ ನಿಮ್ಮ ಅಕ್ಕನ ಕಣ ಹಾಕಿದ್ರೆ ನಿಮ್ಮ ಕರುಳು ತಡೀತಿರಲಿಲ್ಲ. ಚರ್ಮ ನಾನು ನೋಡ್ತೀನಿ. ಹೊಟ್ಟೆ ಒಳಗಿರೋದು ನೀವು ಬಾಯಿಬಿಟ್ಟು ಹೇಳಿದ್ರೆ ಮಾತ್ರ ತಾನೇ ಗೊತ್ತಾಗೋದು?" ಅಂದರು. ನಾನಾದರೋ ಸೋಮವಾರ ಮುಖಕ್ಕೆ ಹಚ್ಚುವ ಮೈಬಣ್ಣದ ಕ್ರೀಮನ್ನು ತೋಳಿಗೆ ಬಳಿದುಕೊಂಡು ಹೋಗೋಣ ಅಂತಿದ್ದೆ. ಬಣ್ಣದವನಲ್ಲವಾ, ಚರ್ಮದ ಬಣ್ಣ ಕಲಸುವುದು ಕಷ್ಟವಲ್ಲ.

ನನ್ನ ಮೇಲೆ ಕೂಗಾಡುವ ಮುಂಚೆ ಇದನ್ನೂ ಯೋಚನೆ ಮಾಡು. ನೀವಿಬ್ಬರೂ ಮುಚ್ಚಿಟ್ಟಿರಿ. ನೀನು ಸಿಟ್ಟಿನಲ್ಲಿ ಬಾಯಿಬಿಡದಿದ್ದರೆ ನಾನು ಸುಮ್ಮನೆ ಹೋಗಿ ಮಲಗುತ್ತಿದ್ದೆ. ಅಲ್ಲಿ ಯಾರು ಹೊಟ್ಟೆಯ ಬಗ್ಗೆ ಕೇಳಿದರೂ ಸರಿಯಿದೆ ಅನ್ನುತ್ತಿದ್ದೆ. ನೀನು ಪ್ರೀತಿಯಿಂದ ತೋಳು ಚಾಚುತ್ತಿದ್ದೆ, ನಾನು ಅದರಿಂದಲೇ ಸಾಯುತ್ತಿದ್ದೆ.

ಸೋಮವಾರದ್ದು ರದ್ದು. ದೊಡ್ಡ ಪ್ರಮಾಣದ ಔಷಧಿ ಹಾಕಿ ಲಗಾಮು ಬಿಗಿ ಮಾಡಿದ್ದಾರೆ. ಇನ್ನು ಕಾಯಿಲೆ ಏನು ಮಾಡುತ್ತದೋ ಅವರಿಗೂ ಗೊತ್ತಿಲ್ಲ. ನನಗೆ ಕಿಟಕಿ ಪಕ್ಕದ ಹಾಸಿಗೆಯೇ ಸಿಕ್ಕಿದೆ. ಇಂದು ಹೊಟ್ಟೆ ಸ್ವಲ್ಪ ವಾಸಿ.

ತಮ್ಮ

•

ಏಪ್ರಿಲ್ ೧೩

ತಮ್ಮಾ,

ಹೊಟ್ಟೆ ಸ್ವಲ್ಪ ವಾಸಿ ಅಂತೀಯ. ನಾನು ನಂಬುವುದಿಲ್ಲ. ನಿನ್ನ ಬಾಯಿಮಾತು ನಂಬುವ ಕಾಲ ಮುಗಿಯಿತು.

ಸೋಮವಾರಕ್ಕೆ ಟಿಕೆಟ್ ತೆಗೆದಿದ್ದೆ, ಚೀಲ ಕಟ್ಟಿದ್ದೆ. ಶನಿವಾರ ಬೆಳಿಗ್ಗೆ ನಿನ್ನ ಹೆಂಡತಿ ಫೋನ್ ಮಾಡಿ, "ಬರಬೇಡಿ ಅಕ್ಕಾ" ಅಂದಳು. ಹಟ ಹಿಡಿದು ದಿನ ಎಳೆದವಳು ನಾನು. ಈಗ ಬಂದು ನೋಡೋಣ ಅಂದರೆ ನೆಗಡಿ ಹಿಡಿದಿದೆ, ವಾರ್ಡಿನ ಬಾಗಿಲಿಗೂ ಬಿಡುವುದಿಲ್ಲವಂತೆ.

ಹೊಸ ಕಾರ್ಡು ಕಳಿಸು. ಇವತ್ತಿನ ತೋಳಿನದು. ನಿನ್ನವಳ ಎದುರಿಗೆ ಹಚ್ಚು, ಹಿಂದೆ ಅವಳ ಸಹಿ ಇರಲಿ.

ಅಕ್ಕ

•

ಏಪ್ರಿಲ್ ೨೧

ಅಕ್ಕಾ,

ಕಾರ್ಡು ಇದೆ. ಹಿಂದೆ ಹೆಂಡತಿಯ ಸಹಿ ಇದೆ. ನಿನಗೆ ಸಾಲದು ಅಂತ ಡಾಕ್ಟರಮ್ಮನ ಸಹಿಯನ್ನೂ ಹಾಕಿಸಿದ್ದೇನೆ. "ಇಷ್ಟು ವರ್ಷದಲ್ಲಿ ಇಂಥದ್ದಕ್ಕೆ ಸಹಿ ಹಾಕಿರ್ಲಿಲ್ಲ" ಅಂತ ನಕ್ಕರು. ಔಷಧಿಯಿಂದ ಕೈ ನಡುಗುತ್ತದೆ, ಅಂಚು ನೇರವಿಲ್ಲ. ಬಣ್ಣ ಚೆನ್ನಾಗಿಲ್ಲ, ಆದರೆ ನನ್ನದೇ.

ಹೊಟ್ಟೆ ನಿಜವಾಗಿಯೂ ಹಿಡಿತಕ್ಕೆ ಬರುತ್ತಿದೆ. ರಕ್ತದಲ್ಲಿ ನಿನ್ನ ಕಣಗಳ ಪಾಲು ಎಷ್ಟು ಅನ್ನುವ ಟೆಸ್ಟ್ ಮತ್ತೆ ಮಾಡಿದ್ದಾರೆ, ಉತ್ತರ ಬಂದಿಲ್ಲ. ಕೆಂಪು ಇಳಿಯುತ್ತಿರುವುದನ್ನು ನೋಡಿದರೆ ಡಾಕ್ಟರಮ್ಮನಿಗೆ ಸಂತೋಷ. ನನಗೆ ಈಗಲೂ ಭಯ. ಅವರಿಗೇ ಹೇಳಿದೆ. "ಭಯ ಪಡಿ, ಆದ್ರೆ ನನ್ನ ಎದುರಿಗೆ ಪಡಿ" ಅಂದರು.

ಆದರೆ ಪುರಾವೆ ಕೇಳುವುದು ಒಬ್ಬರ ಹಕ್ಕಲ್ಲ. ಗುಂಡುಕಲ್ಲಿನ ಹಾಗಿದ್ದೇನೆ ಅಂದೆಯಲ್ಲ, ನಾನು ಹೇಗೆ ನಂಬಲಿ? ಆ ನೀಲಿ ಗೆರೆಯ ಅಂಗಿ ಹೊಲಿದು ಕಳಿಸು. ಜೇಬಿನ ಗೆರೆ ನೋಡಿದರೆ ನೀನು ಹೇಗಿದ್ದೀಯ ಅಂತ ನನಗೆ ತಿಳಿಯುತ್ತದೆ. ಈಗಿನ ಎದೆಯ ಅಳತೆ ಕಾರ್ಡಿನ ಹಿಂದೆ ಬರೆದಿದ್ದೇನೆ. ಓದಿ ಬೈಯಬೇಡ.

ಡಬ್ಬಿ

•

ಏಪ್ರಿಲ್ ೩೦

ಡಬ್ಬಿ,

ಕಾರ್ಡು ಬಂತು. ಸಹಿ ನೋಡಲಿಲ್ಲ. ಸಹಿ ಯಾರು ಬೇಕಾದರೂ ಹಾಕಬಹುದು. ಮೊದಲು ಗಾಜು ಎತ್ತಿ, ಹಳೆಯ ನಾಲ್ಕರ ಪಕ್ಕ ಇಟ್ಟು ನೋಡಿದೆ. ಈ ಕಡೆಯಿಂದ ಇಟ್ಟೆ, ಆ ಕಡೆಯಿಂದ ಇಟ್ಟೆ, ತಲೆಕೆಳಗು ಮಾಡಿ ಇಟ್ಟೆ. ಬಿಳಿ ಗೆರೆ ಯಾವುದಕ್ಕೂ ಕೂಡಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳಿದ್ದರು, ಆದರೂ ಅತ್ತುಬಿಟ್ಟೆ. ಇಷ್ಟು ಕೆಟ್ಟ ಬಣ್ಣ ನೋಡಿ ಇಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.

ಆಮೇಲೆ ಹಿಂದೆ ತಿರುಗಿಸಿ ಎದೆಯ ಅಳತೆ ಓದಿದೆ. ಬೈಯಲಿಲ್ಲ. ಟೇಪು ಹಿಡಿದು ಆ ಅಳತೆಯನ್ನು ಗಾಳಿಯಲ್ಲಿ ಸುತ್ತಿ ನೋಡಿದೆ. ನೀನು ಹೈಸ್ಕೂಲಿನಲ್ಲಿದ್ದಾಗ ಹೊಲಿದ ಅಂಗಿಯ ಅಳತೆ ಅದು.

ಟೆಸ್ಟಿನ ಉತ್ತರ ಬಂದ ದಿನವೇ, ಒಳ್ಳೆಯದೋ ಕೆಟ್ಟದ್ದೋ, ನನಗೆ ತಿಳಿಸು. ಕರುಳು ವಾಸಿಯಾದ ಮೇಲೆ ಕಣ ಬೇಕು ಅಂದರೆ ಕೊಡುತ್ತೇನೆ, ಬೇಡ ಅಂದರೆ ಸುಮ್ಮನಿರುತ್ತೇನೆ. ಇನ್ನು ಮೇಲೆ ಹಟ ಹಿಡಿಯುವುದಿಲ್ಲ.

ಅಂಗಿ ಕಳಿಸಿದ್ದೇನೆ. ಒಳಹೊಲಿಗೆ ಮೆತ್ತಗಿದೆ, ಕಾಲರು ಸರಿಯಾಗಿದೆ. ಜೇಬು ನೋಡು. ಎಡಗಡೆಯ ಗೆರೆ ಕೂಡಿಲ್ಲ, ಒಂದು ನೂಲಿನಷ್ಟು ಸರಿದಿದೆ. ಕೈ ನಡುಗಿತು. ಕಾಯಿಲೆ ಇಲ್ಲ, ನೆಗಡಿಯೂ ಹೋಯಿತು. ನಿನ್ನ ಯೋಚನೆಯಿಂದ ನಡುಗಿತು, ಅಷ್ಟೇ. ಬಿಚ್ಚಿ ಮತ್ತೆ ಹೊಲಿಯೋಣ ಅಂತ ಕತ್ತರಿ ತೆಗೆದುಕೊಂಡೆ. ನಿನ್ನ ಕಾರ್ಡು ಎದುರಿಗಿತ್ತು. ಹಾಗೇ ಬಿಟ್ಟು, ಇಸ್ತ್ರಿ ಮಾಡಿ ಕಳಿಸಿದ್ದೇನೆ.

ಅಕ್ಕ